ಟರ್ಬೊ ಗಾಡಿಯ ಎಣ್ಣೆಯೂ ಕೆರೆಯ ನೀರೂ

(ದಿಬ್ಬೂರಹಳ್ಳಿಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಕಾರಿನ ಎಂಜಿನ್ ಎಣ್ಣೆಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟಕ್ಕೆ ನಸುಕಿನಲ್ಲಿ ಹೊರಡುವ ವಾಹನಗಳನ್ನು ಒಮ್ಮೆ ನೆನೆದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ರೇಷ್ಮೆಗೂಡಿನ ಚೀಲಗಳನ್ನು ಹೇರಿಕೊಂಡ ಗಾಡಿ, ಹಾಲಿನ ಕ್ಯಾನುಗಳ ಗಾಡಿ, ಟೊಮೆಟೊ ಹೊತ್ತು ಚಿಂತಾಮಣಿಯ ಕಡೆಗೆ ತಿರುಗುವ ಗಾಡಿ, ಮದುವೆಗೆ ಜನರನ್ನು ತುಂಬಿಕೊಂಡ ಗಾಡಿ: ಇವುಗಳಲ್ಲಿ ಬಹುತೇಕ ಡೀಸೆಲ್ ವಾಹನಗಳು ಇಂದು ಟರ್ಬೊ ಜೋಡಿಸಿದವು. ಇತ್ತೀಚಿನ ವರ್ಷಗಳಲ್ಲಿ ಒಂದು ಲೀಟರಿನಷ್ಟು ಸಣ್ಣ ಪೆಟ್ರೋಲ್ ಎಂಜಿನ್ನಿಗೂ ಟರ್ಬೊ ಬಂದಿದೆ. ಪ್ರತಿಯೊಂದು ಗಾಡಿಯೂ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ನಾಲ್ಕರಿಂದ ಆರೇಳು ಲೀಟರ್ ಕಪ್ಪು ಎಣ್ಣೆಯನ್ನು ಹೊರಕ್ಕೆ ಬಿಡುತ್ತದೆ. ಆ ಎಣ್ಣೆ ಎಲ್ಲಿಗೆ ಹೋಗುತ್ತದೆ? ಅದನ್ನು ಎಷ್ಟು ದಿನಕ್ಕೊಮ್ಮೆ ಹೊರತೆಗೆಯಬೇಕು? ಈ ಎರಡೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲು ಟರ್ಬೊ ಎಂದರೇನು ಎಂಬುದನ್ನು ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು, ಇಷ್ಟೇ ಅದರ ಸೂತ್ರ. ಗಾಳಿ ಹೆಚ್ಚಾದಷ್ಟೂ ಇಂಧನ ಚೆನ್ನಾಗಿ ಉರಿಯುತ್ತದೆ. ಸಣ್ಣ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಆದರೆ ಆ ಪುಟ್ಟ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಸಣ್ಣ ಟರ್ಬೊಗಳಲ್ಲಿ ಇದು ಎರಡು ಲಕ್ಷವನ್ನೂ ದಾಟುವುದುಂಟು. ಒಂದು ಬದಿಯಲ್ಲಿ ಕೆಂಪಗೆ ಕಾಯುವ ಲೋಹ, ಇನ್ನೊಂದು ಬದಿಯಲ್ಲಿ ತಣ್ಣನೆಯ ಗಾಳಿ. ಇವೆರಡರ ನಡುವೆ ದಂಡವನ್ನು ಹೊತ್ತು ನಿಂತಿರುವುದು ಕೂದಲಿಗಿಂತ ತೆಳುವಾದ ಒಂದು ಎಣ್ಣೆಯ ಪದರ. ಸಾಮಾನ್ಯ ಟರ್ಬೊಗಳಲ್ಲಿ ಗುಂಡುಗಳ ಬೇರಿಂಗೂ ಇರುವುದಿಲ್ಲ. ದಂಡವು ಎಣ್ಣೆಯ ಮೇಲೆಯೇ ತೇಲುತ್ತದೆ. ಆದುದರಿಂದ ಟರ್ಬೊ ಇಲ್ಲದ ಎಂಜಿನ್ ಹಳೆಯ ಎಣ್ಣೆಯನ್ನು ಹೇಗೋ ಸಹಿಸಿಕೊಂಡೀತು, ಟರ್ಬೊ ಸಹಿಸಲಾರದು.

ಎಣ್ಣೆ ಹಾಳಾಗುವುದೆಂದರೆ ಏನು? ಡಬ್ಬಿಯಲ್ಲಿ ಬರುವುದು ಬರಿಯ ಎಣ್ಣೆಯಲ್ಲ. ಅದರ ಹೆಚ್ಚಿನ ಪಾಲು ಮೂಲ ಎಣ್ಣೆಯಾದರೆ ಉಳಿದದ್ದು ಮಸಿಯನ್ನು ಚದುರಿಸಿಡುವ, ಆಮ್ಲವನ್ನು ಕೊಲ್ಲುವ, ಸವೆತವನ್ನು ತಡೆಯುವ ರಾಸಾಯನಿಕಗಳು. ಮೊದಲು ಮುಗಿದುಹೋಗುವುದು ಇವೇ. ಎಣ್ಣೆಯು ಬಿಸಿಯಲ್ಲಿ ಆಮ್ಲಜನಕದೊಡನೆ ಕೂಡಿ ದಪ್ಪಗಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಈ ಕ್ರಿಯೆಯ ವೇಗ ಸುಮಾರು ಇಮ್ಮಡಿಸುತ್ತದೆ. ಟರ್ಬೊದ ಒಳಗೆ ನಿಂತ ಎಣ್ಣೆ ಸೀದು, ತಳ ಹಿಡಿದ ಪಾತ್ರೆಯ ಕರಿಯಂತೆ ಗಟ್ಟಿಯಾಗಿ ಸಣ್ಣ ನಾಳಗಳನ್ನು ಮುಚ್ಚುತ್ತದೆ. ಮುಂದೆ ನಡೆಯುವುದನ್ನು ಗ್ಯಾರೇಜಿನವರು ಬಲ್ಲರು: ಮೊದಲು ಸಿಳ್ಳಿನಂಥ ಸದ್ದು, ಬಳಿಕ ನೀಲಿ ಹೊಗೆ, ಕೊನೆಗೆ ಹತ್ತಾರು ಸಾವಿರ ರೂಪಾಯಿಯ ಹೊಸ ಟರ್ಬೊ. ಅದು ಸಾಲ ಮಾಡಿ ಗಾಡಿ ಕೊಂಡವನ ಮನೆಯ ಒಂದು ಬೆಳೆಯ ಗೂಡಿನ ಹಣವನ್ನೇ ನುಂಗಿಬಿಡಬಹುದು. ಪರಿಸರದ ಕಣ್ಣಿನಿಂದ ನೋಡಿದರೂ ಅದು ನಷ್ಟವೇ. ನೀಲಿ ಹೊಗೆ ಎಂದರೆ ಎಣ್ಣೆಯೇ ಉರಿದು ಊರಿನ ಗಾಳಿಗೆ ಸೇರುತ್ತಿದೆ ಎಂದರ್ಥ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಹಳಬರು ಐದು ಸಾವಿರ ಕಿಲೋಮೀಟರಿಗೆ ಎನ್ನುತ್ತಾರೆ. ಇಂದಿನ ಅನೇಕ ಕಾರುಗಳ ಕೈಪಿಡಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ; ಕೆಲವು ಇನ್ನೂ ಮುಂದಕ್ಕೆ ಹೋಗುತ್ತವೆ. ಹಳಬರ ಮಾತನ್ನು ಹಗುರವಾಗಿ ಕಾಣಬೇಕಿಲ್ಲ, ಅದು ಅವರ ಕಾಲಕ್ಕೆ ಸತ್ಯವಾಗಿತ್ತು. ಆಗಿನ ಡೀಸೆಲ್ಲಿನಲ್ಲಿ ಗಂಧಕ ಹೇರಳವಾಗಿತ್ತು. ಅದು ಉರಿದು ಆಮ್ಲವಾಗಿ ಎಣ್ಣೆಯ ಶಕ್ತಿಯನ್ನು ಬೇಗ ತಿನ್ನುತ್ತಿತ್ತು. ದೇಶದಾದ್ಯಂತ ಏಪ್ರಿಲ್ 2017ರಿಂದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿಗೆ, ಏಪ್ರಿಲ್ 2020ರಿಂದ 10 ಪಾಲಿಗೆ ಇಳಿಯಿತು. ಇಂಧನ ಶುದ್ಧವಾಯಿತು, ಎಣ್ಣೆಯ ಗುಣವೂ ಹೆಚ್ಚಿತು. ಇಂದು ಹೆದ್ದಾರಿಯಲ್ಲಿ ಓಡುವ ಗಾಡಿಗೆ ಐದು ಸಾವಿರಕ್ಕೇ ಎಣ್ಣೆ ಬದಲಿಸುವುದು ಒಳ್ಳೆಯ ಎಣ್ಣೆಯನ್ನು ಚೆಲ್ಲಿದಂತೆ. ಅದು ಗಾಡಿಯ ಮೇಲಿನ ಪ್ರೀತಿ ಎನಿಸಬಹುದು, ಕೆರೆಯ ಮೇಲಿನ ಪ್ರೀತಿಯಂತೂ ಅಲ್ಲ.

ಆದರೆ ಕೈಪಿಡಿಯ ಆ ಹತ್ತು ಸಾವಿರದ ಸಾಲಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಅದನ್ನು ಓದುವವರು ವಿರಳ. ಧೂಳಿನ ದಾರಿ, ಬೆಟ್ಟದ ಏರು, ಭಾರದ ಹೇರು, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಓಡಿಸುವಿಕೆ: ಇವು ಕಠಿಣ ಬಳಕೆ, ಇವುಗಳಿಗೆ ಅವಧಿ ಕಡಿಮೆ ಎಂದು ಅಲ್ಲಿ ಬರೆದಿರುತ್ತದೆ. ಎಷ್ಟೋ ಕೈಪಿಡಿಗಳಲ್ಲಿ ಅದು ಅರ್ಧದಷ್ಟು. ಈ ಪಟ್ಟಿಯನ್ನು ಓದಿದರೆ ದಿಬ್ಬೂರಹಳ್ಳಿಯ ದಿನಚರಿಯನ್ನೇ ಯಾರೋ ಬರೆದಿಟ್ಟಂತಿದೆ!

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಲಿ. ಹಾಲಿನ ಗಾಡಿಯೊಂದು ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು ಕಿಲೋಮೀಟರ್ ಸುತ್ತುತ್ತದೆ ಎನ್ನೋಣ. ಪ್ರತಿ ಊರಿನಲ್ಲೂ ನಿಂತು ಕ್ಯಾನು ಏರಿಸಿಕೊಳ್ಳುವುದರಿಂದ ಒಂದು ಸುತ್ತಿಗೆ ಎರಡೂವರೆ ಗಂಟೆ, ಎಂಜಿನ್ ಆರಿಸುವುದಿಲ್ಲ. ದಿನಕ್ಕೆ ಐದು ಗಂಟೆಯಲ್ಲಿ ಅರವತ್ತು ಕಿಲೋಮೀಟರ್, ಅಂದರೆ ಗಂಟೆಗೆ ಹನ್ನೆರಡು. ಹತ್ತು ಸಾವಿರ ಕಿಲೋಮೀಟರ್ ತಲುಪುವಾಗ ಎಂಜಿನ್ ಸುಮಾರು 830 ಗಂಟೆ ಓಡಿರುತ್ತದೆ. ಬೆಂಗಳೂರಿಗೆ ಗಂಟೆಗೆ ಐವತ್ತರಂತೆ ಹೋಗಿಬರುವ ಕಾರು ಅದೇ ಹತ್ತು ಸಾವಿರವನ್ನು 200 ಗಂಟೆಯಲ್ಲಿ ಮುಗಿಸುತ್ತದೆ. ಮೀಟರಿನಲ್ಲಿ ಎರಡೂ ಒಂದೇ. ಎಣ್ಣೆಯ ಪಾಲಿಗೆ ಒಂದಕ್ಕೆ ನಾಲ್ಕು. ಟ್ರ್ಯಾಕ್ಟರ್ ತಯಾರಿಸುವವರು ಕಿಲೋಮೀಟರಿನ ಗೊಡವೆಗೇ ಹೋಗದೆ ಗಂಟೆಯ ಮೀಟರ್ ಇಟ್ಟಿರುವುದು ಇದಕ್ಕಾಗಿಯೇ. ಕೊಳವೆಬಾವಿ ಕೊರೆಯುವ ಲಾರಿಯ ಕಂಪ್ರೆಸರ್ ಇನ್ನೂ ಸ್ಪಷ್ಟವಾದ ಉದಾಹರಣೆ. ಈ ಸೀಮೆಯಲ್ಲಿ ಸಾವಿರ ಅಡಿ ದಾಟಿ ಕೊರೆಯುವಾಗ ಅದರ ಎಂಜಿನ್ ಇಡೀ ರಾತ್ರಿ ನಿಂತಲ್ಲೇ ಮೊರೆಯುತ್ತದೆ. ಕಿಲೋಮೀಟರ್ ಮಾತ್ರ ಸೊನ್ನೆ.

ಕಡಿಮೆ ಓಡುವ ಕಾರಿನ ಕಥೆ ಬೇರೆ. ಮನೆಯಿಂದ ಮೂರು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುವ ಕಾರಿನ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲೂ ನೀರಿನ ಆವಿಯೂ ಎಣ್ಣೆಯಲ್ಲಿ ಇಳಿದು ಅಲ್ಲಿಯೇ ಉಳಿಯುತ್ತವೆ. ವರ್ಷಕ್ಕೆ ಎರಡೇ ಸಾವಿರ ಕಿಲೋಮೀಟರ್ ಓಡಿದ್ದರೂ ಅಂಥ ಗಾಡಿಗೆ ವರ್ಷದ ಗಡುವನ್ನು ಮೀರಿಸಬಾರದು. 2020ರ ಬಳಿಕದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಹೊಗೆಯ ಮಸಿಯನ್ನು ಹಿಡಿಯುವ ಜಾಲರಿ ತುಂಬಿದಾಗ, ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಅದನ್ನು ಸುಟ್ಟು ಶುದ್ಧ ಮಾಡುತ್ತದೆ. ಅದಕ್ಕೆ ಸ್ವಲ್ಪ ದೂರದ ನಿರಂತರ ಓಟ ಬೇಕು. ಅರ್ಧಕ್ಕೇ ಗಾಡಿ ನಿಲ್ಲಿಸುತ್ತಾ ಹೋದರೆ ಆ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಅಳತೆ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿರುವುದು ಕಂಡರೆ ಸಂತೋಷಪಡುವಂತಿಲ್ಲ. ತೆಳುವಾದ ಆ ಎಣ್ಣೆ ಟರ್ಬೊವನ್ನು ಕಾಯಲಾರದು. ಇಂಥ ಗಾಡಿಗೆ ಬೂದಿ ಕಡಿಮೆ ಬಿಡುವ, ಕೈಪಿಡಿಯಲ್ಲಿ ಹೆಸರಿಸಿದ ದರ್ಜೆಯ ಎಣ್ಣೆಯೇ ಆಗಬೇಕು. ಅಗ್ಗದ್ದನ್ನು ಸುರಿದರೆ ಅದರ ಬೂದಿ ಜಾಲರಿಯನ್ನು ಕಟ್ಟುತ್ತದೆ.

ಎಣ್ಣೆ ಕಪ್ಪಾಗಿದೆ, ಆದ್ದರಿಂದ ಕೆಟ್ಟಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಡೀಸೆಲ್ ಎಂಜಿನ್ನಿಗೆ ಇದು ಅನ್ವಯಿಸುವುದಿಲ್ಲ. ಹೊಸ ಎಣ್ಣೆ ಕೆಲವೇ ನೂರು ಕಿಲೋಮೀಟರಿಗೆ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ ತೀರ್ಪು ಕೊಡುವುದೂ ಶಾಸ್ತ್ರವಲ್ಲ. ಬಳಸಿದ ಎಣ್ಣೆಯನ್ನು ಪದೇಪದೇ ಚರ್ಮಕ್ಕೆ ಹಚ್ಚಿದಾಗ ಪ್ರಯೋಗದ ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿದೆ ಎಂಬುದನ್ನು ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗೆ ಯಾರಾದರೂ ಹೇಳಬೇಕಾಗಿದೆ.

ಅವಧಿಯನ್ನು ಹಿಗ್ಗಿಸಲು ಹಣ ಬೇಡದ ಒಂದು ಉಪಾಯವಿದೆ. ನಂದಿಬೆಟ್ಟದ ತುದಿ ಸಮುದ್ರ ಮಟ್ಟದಿಂದ 1478 ಮೀಟರ್. ತಿರುವುಗಳ ಆ ಏರನ್ನು ಹತ್ತಿ ಬಂದ ಗಾಡಿಯ ಟರ್ಬೊ ಆಗ ಕಾದು ಕೆಂಡವಾಗಿರುತ್ತದೆ. ಚಾಲಕ ನಿಲ್ಲಿಸಿದ ತಕ್ಷಣ ಕೀಲಿ ತಿರುಗಿಸಿದರೆ ಎಣ್ಣೆಯ ಪಂಪು ನಿಲ್ಲುತ್ತದೆ, ದಂಡ ಇನ್ನೂ ಕೆಲವು ಕ್ಷಣ ತಿರುಗುತ್ತಿರುತ್ತದೆ, ಒಳಗೆ ಸಿಕ್ಕಿಕೊಂಡ ಎಣ್ಣೆ ಸೀಯುತ್ತದೆ. ಭಾರದ ಏರಿನ ಬಳಿಕ ಒಂದೆರಡು ನಿಮಿಷ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಆರಿಸಿದರೆ ಸಾಕು. ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನು ಆರಂಭಿಸಿದೊಡನೆ ಎಳೆದು ಓಡಿಸದಿರುವುದೂ ಅಷ್ಟೇ ಮುಖ್ಯ. ಗಾಳಿಯ ಫಿಲ್ಟರನ್ನು ಬೇಸಿಗೆಯ ಧೂಳಿನಲ್ಲಿ ಆಗಾಗ ನೋಡಬೇಕು.

ಇನ್ನು ಮೊದಲ ಪ್ರಶ್ನೆಗೆ ಬರಬೇಕು: ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಹಳ್ಳಿಗಳಲ್ಲಿ ಅದಕ್ಕೆ ಉಪಯೋಗಗಳಿಗೇನೂ ಕೊರತೆಯಿಲ್ಲ. ಗೆದ್ದಲು ಹಿಡಿಯದಿರಲೆಂದು ಬಾಗಿಲ ಚೌಕಟ್ಟಿಗೆ, ಬೇಲಿಯ ಗೂಟಕ್ಕೆ ಬಳಿಯುತ್ತಾರೆ. ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ. ದನದ ಗಾಯಕ್ಕೆ ಹಚ್ಚುವವರೂ ಇದ್ದಾರೆ. ಉಳಿದದ್ದು ರಸ್ತೆ ಬದಿಯ ಚರಂಡಿಗೆ. ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ. ಆ ಕಪ್ಪು ದ್ರವದಲ್ಲಿ ಎಣ್ಣೆಯ ಜೊತೆ ಎಂಜಿನ್ ಸವೆದ ಕಬ್ಬಿಣ, ತಾಮ್ರ, ಸೀಸ, ರಾಸಾಯನಿಕಗಳ ಸತು, ಅರೆಬೆಂದ ಇಂಧನದ ವಿಷಗಳೂ ಇರುತ್ತವೆ. ಅದು ನೀರಿನಲ್ಲಿ ಕರಗುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ನೀರಿನ ಮೇಲೆ ಕಾಮನಬಿಲ್ಲಿನಂತೆ ಹರಡಿ ಒಳಗಿನ ಜೀವಿಗಳ ಉಸಿರು ಕಟ್ಟಿಸುತ್ತದೆ. ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿದೆ.

ಈ ಮಾತು ಬೇರೆ ಜಿಲ್ಲೆಗಳಿಗಿಂತ ಇಲ್ಲಿ ಹೆಚ್ಚು ತಟ್ಟಬೇಕು. ಪಿನಾಕಿನಿ, ಪಾಲಾರ್, ಅರ್ಕಾವತಿಗಳಿಗೆ ಜನ್ಮ ಕೊಟ್ಟ ನಂದಿಯ ಸಾಲು ಪಕ್ಕದಲ್ಲೇ ಇದ್ದರೂ ವರ್ಷವಿಡೀ ಹರಿಯುವ ಒಂದು ನದಿಯೂ ಚಿಕ್ಕಬಳ್ಳಾಪುರ ಜಿಲ್ಲೆಗೆ ಇಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಕಾಟ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರು ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾಗಿದೆ, ಮೂರನೆಯ ಹಂತವೂ ಆಗಬೇಕು ಎಂಬ ಹೋರಾಟ ನ್ಯಾಯವಾದದ್ದೇ. ಆದರೆ ಆ ಬೇಡಿಕೆಯ ಕರಪತ್ರ ಹಂಚಿ ಬಂದ ಗಾಡಿಯ ಎಣ್ಣೆಯೇ ಊರ ಕೆರೆಯ ಕೋಡಿಯ ಬಳಿ ಸುರಿಯಲ್ಪಟ್ಟರೆ ಹೋರಾಟದ ಮಾತಿಗೆ ತೂಕ ಉಳಿಯುವುದೇ?

ಕಾನೂನು ಇಲ್ಲದಿಲ್ಲ. ಅಪಾಯಕಾರಿ ತ್ಯಾಜ್ಯಗಳ ನಿಯಮಗಳು 1989ರಲ್ಲಿಯೇ ಬಂದವು; ಈಗ ಜಾರಿಯಲ್ಲಿರುವ 2016ರ ನಿಯಮಗಳಡಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಂತೆ 1 ಏಪ್ರಿಲ್ 2024ರಿಂದ ಎಣ್ಣೆ ತಯಾರಿಸಿ ಮಾರುವವರ ಮೇಲೆಯೇ ಅದನ್ನು ಮರಳಿ ಸಂಸ್ಕರಣೆಗೆ ತಲುಪಿಸುವ ಹೊಣೆ ಬಿದ್ದಿದೆ. ಆದರೆ ನಗರದ ದೊಡ್ಡ ಸರ್ವಿಸ್ ಕೇಂದ್ರದಲ್ಲಿ ನಡೆಯುವ ಈ ವ್ಯವಸ್ಥೆ ಹಳ್ಳಿಯ ಮರದ ನೆರಳಿನ ಗ್ಯಾರೇಜಿಗೆ ತಾನಾಗಿ ನಡೆದು ಬರುವುದಿಲ್ಲ. ಹಳೆಯ ಎಣ್ಣೆಗೆ ಬೆಲೆ ಇದೆ ಎಂಬುದೇ ಇಲ್ಲಿ ಆಸರೆ. 42 ಗ್ಯಾಲನ್ ಕಚ್ಚಾ ತೈಲದಿಂದ ದೊರೆಯುವಷ್ಟು ಕೀಲೆಣ್ಣೆ ಒಂದೇ ಗ್ಯಾಲನ್ ಬಳಸಿದ ಎಣ್ಣೆಯಿಂದ ದೊರೆಯುತ್ತದೆ. ಎಣ್ಣೆಯ ಜಿಡ್ಡು ಸವೆಯುವುದಿಲ್ಲ, ಅದು ಕೊಳೆಯಾಗುತ್ತದೆ ಅಷ್ಟೆ. ತೊಳೆದರೆ ಮತ್ತೆ ಎಣ್ಣೆಯೇ.

ದಿಬ್ಬೂರಹಳ್ಳಿಯ ಮಟ್ಟಿಗೆ ಕೆಲಸ ಸಣ್ಣದು. ಗ್ಯಾರೇಜಿನವರು, ಟ್ರ್ಯಾಕ್ಟರ್ ಮಾಲೀಕರು, ಹಾಲಿನ ಗಾಡಿಯವರು ಸೇರಿ ಮುಚ್ಚಳವಿರುವ ಒಂದು ಡ್ರಮ್ಮನ್ನು ಸಿಮೆಂಟಿನ ನೆಲದ ಮೇಲೆ, ಮಳೆ ಬೀಳದ ಸೂರಿನಡಿ, ಕೆರೆಯ ಕಾಲುವೆಯಿಂದ ದೂರದಲ್ಲಿ ಇಡಬೇಕು. ಅದಕ್ಕೆ ನೀರು, ಸೀಮೆಎಣ್ಣೆ, ಬ್ರೇಕಿನ ಎಣ್ಣೆ, ಬಣ್ಣದ ತಿನ್ನರ್ ಬೆರೆಸಬಾರದು. ಬೆರೆತರೆ ಸಂಸ್ಕರಿಸುವವರು ಕೊಳ್ಳುವುದಿಲ್ಲ. ಡ್ರಮ್ಮು ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಟ್ಟು ರಸೀದಿ ಪಡೆಯಬೇಕು. ಶಾಲೆಯ ಮಕ್ಕಳು ಊರಿನ ಗಾಡಿಗಳ ಒಂದು ಪುಸ್ತಕ ಇಡಬಹುದು: ಯಾವ ಗಾಡಿ, ಎಂದು ಎಣ್ಣೆ ಬದಲಾಯಿತು, ಎಷ್ಟು ಕಿಲೋಮೀಟರ್, ದಿನಕ್ಕೆ ಎಷ್ಟು ಗಂಟೆ ಓಟ, ಎಷ್ಟು ಲೀಟರ್ ಡ್ರಮ್ಮಿಗೆ ಬಂತು. ಹಾಕಿದ ಎಣ್ಣೆಗೂ ಮರಳಿ ಬಂದ ಎಣ್ಣೆಗೂ ಇರುವ ಅಂತರ ಆರು ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ. ಹಳೆಯ ಫಿಲ್ಟರಿನಲ್ಲೂ ಎಣ್ಣೆ ಉಳಿದಿರುತ್ತದೆ. ಅದನ್ನು ಬಿಸಿಯಿರುವಾಗಲೇ ತೂತು ಮಾಡಿ, ಡ್ರಮ್ಮಿನ ಬಾಯಿಯ ಜಾಲರಿಯ ಮೇಲೆ ಒಂದು ರಾತ್ರಿ ಬೋರಲು ಇಟ್ಟು, ಬಸಿದ ಮೇಲೆ ಗುಜರಿಗೆ ಹಾಕಬೇಕು. ಖಾಲಿಯಾದ ಹೊಸ ಎಣ್ಣೆಯ ಡಬ್ಬಿಯನ್ನು ಕತ್ತರಿಸಿಯೇ ಕೊಡಬೇಕು. ಇಲ್ಲವಾದರೆ ಅದೇ ಡಬ್ಬಿಯಲ್ಲಿ ನಕಲಿ ಎಣ್ಣೆ ತುಂಬಿ ಮತ್ತೆ ಅಂಗಡಿಗೆ ಬಂದೀತು.