ಬೀಗ ಬಿದ್ದ ಮನೆಗಳು ಮತ್ತು ನಮ್ಮ ಬೈತುಲ್‌ಮಾಲ್

(ತಿ. ನರಸೀಪುರದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

 

ಸಹೋದರರೇ, 2025ರ ಜನವರಿಯಲ್ಲಿ ಪಕ್ಕದ ನಂಜನಗೂಡು ತಾಲ್ಲೂಕಿನ ಹಳ್ಳಿಗಳ ಸುದ್ದಿಯನ್ನು ನಾವೆಲ್ಲ ಓದಿದೆವು. ಮೈಕ್ರೊಫೈನಾನ್ಸ್ ಸಾಲದ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ದುಡಿಯಲು ಬೆಂಗಳೂರಿಗೆ ಹೋದವನು ಹಬ್ಬಕ್ಕೆ ತಲೆಯೆತ್ತಿ ಊರಿಗೆ ಬರುತ್ತಾನೆ. ಸಾಲಕ್ಕೆ ಹೆದರಿ ಹೋದವನು ಹೇಗೆ ಬಂದಾನು? ಮಕ್ಕಳ ಶಾಲೆಯೂ ಅಲ್ಲಿಗೇ ನಿಲ್ಲುತ್ತದೆ.

ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಇದನ್ನು ಮನೆಯ ಹೆಂಗಸರಿಗೆ ತಿಳಿಸಿರಿ, ಸಾಲ ಇರುವುದು ಅವರ ಹೆಸರಿನಲ್ಲಿ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ಮೊದಲು ಬಾಗಿಲು ತಟ್ಟುವವಳು ಪಕ್ಕದ ಮನೆಯವಳೇ. (ಶಾದಿಮಹಲ್ ಖರ್ಚಿಗೆಂದು ಎತ್ತುವ ಸಾಲದ ಬಗ್ಗೆ ಇನ್ನೊಂದು ಜುಮಾದಲ್ಲಿ ಬಿಚ್ಚಿ ಮಾತನಾಡಬೇಕಿದೆ.)

ಕಾನೂನು ವಸೂಲಿಯವನನ್ನು ತಡೆದೀತು. ಕೈಗೆ ಬಂಡವಾಳ ಕೊಡುವವರು ಯಾರು?

ಅಬೂದಾವೂದ್‌ನಲ್ಲಿ ಬರುವ ಹದೀಸ್ ನಿಮಗೆ ಗೊತ್ತು. ಬೇಡಲು ಬಂದ ಅನ್ಸಾರಿಯೊಡನೆ ಪ್ರವಾದಿ(ಸ) ಮನೆಯಲ್ಲಿ ಏನಿದೆಯೆಂದು ವಿಚಾರಿಸಿದರು. ಇದ್ದದ್ದು ಒಂದು ಬಟ್ಟೆ, ಒಂದು ಬಟ್ಟಲು. ಅವು ಎರಡು ದಿರ್ಹಮಿಗೆ ಹೋದವು. ಒಂದು ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಹಿಡಿಯನ್ನು ಪ್ರವಾದಿವರ್ಯರೇ(ಸ) ಕೂಡಿಸಿಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಮೊದಲು ವಿಚಾರಣೆ, ಆಮೇಲೆ ಕಸುಬಿನ ಸಾಧನ, ನಂತರ ಮತ್ತೆ ವಿಚಾರಣೆ. ನಾವು ರಮಝಾನಿನಲ್ಲಿ ಮನೆಗೊಂದು ನೋಟು ಕೊಟ್ಟು ಲೆಕ್ಕ ಮುಗಿಸಿದರೆ ಅದರಲ್ಲಿ ಈ ಮೂರೂ ಇರುವುದಿಲ್ಲ.

ನಮ್ಮ ಕಡೆ ರೇಷ್ಮೆ ಗೊತ್ತಿದೆ. ಮೈಸೂರು ರೇಷ್ಮೆಗೆ ನೂಲು ತೆಗೆಯುವ ಸರಕಾರಿ ಕಾರ್ಖಾನೆ ನಮ್ಮ ಊರಿನಲ್ಲೇ ಇದೆ. ಹುಳು ಸಾಕಬಲ್ಲವನಿಗೆ ಬೇಕಾದದ್ದು ಮೊಟ್ಟೆಗೆ, ಸೊಪ್ಪಿಗೆ, ಚಂದ್ರಿಕೆಗೆ ಹಣ. ಆದರೆ ಹುಳು ಗೂಡು ಕಟ್ಟಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ಕಂತು ಮಾತ್ರ ವಾರಕ್ಕೊಮ್ಮೆ! ಮೊದಲ ಕಂತಿಗೇ ಎರಡನೇ ಸಾಲ ಹುಟ್ಟುವುದು ಹೀಗೆ. ಬೈತುಲ್‌ಮಾಲ್‌ನ ಕರ್ಝೆ ಹಸನಾ ಬಡ್ಡಿಯಿಲ್ಲದೆ, ಗೂಡು ಮಾರಿದ ದಿನ ತೀರಿಸುವಂತಿರಲಿ. ಬೆಳೆ ಕೆಟ್ಟರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬುದು ಸೂರಃ ಅಲ್ ಬಕರದ ಆದೇಶ. ಹೊಲಿಗೆ ಬಲ್ಲವಳಿಗೆ ಮೆಷಿನ್, ಕುರಿ ಸಾಕುವವನಿಗೆ ಕುರಿ.

ಝಕಾತ್‌ನ ಲೆಕ್ಕ ಬೇರೆಯೇ ಇರಬೇಕು. ಅದನ್ನು ಸಾಲವಾಗಿ ಕೊಟ್ಟು ವಾಪಸು ಕೇಳುವಂತಿಲ್ಲ. ಅದು ಹಕ್ಕುದಾರನ ಸೊತ್ತು. ಸೂರಃ ಅತ್ತೌಬಃ ಹೇಳುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಕರ್ಝೆ ಹಸನಾ ನಿಧಿ ಸದಕಾ, ದೇಣಿಗೆಗಳಿಂದ ನಡೆಯಲಿ, ನೆರೆಯ ಹಿಂದೂ ಸಹೋದರರಿಗೂ ತೆರೆದಿರಲಿ. ಒಂದೇ ಗುಂಪಿನಲ್ಲಿ ಕುಳಿತು ಸಾಲ ಎತ್ತಿದವರಲ್ಲಿ ಅವರೂ ಇದ್ದಾರೆ.

ಸಾಲದಲ್ಲಿರುವವರು ಇಶಾದ ನಂತರ ಜಮಾಅತ್‌ನ ಹಿರಿಯರನ್ನು ಒಬ್ಬೊಬ್ಬರೇ ಕಾಣಬಹುದು. ವಿಧವೆಯರ ಮನೆಗೆ ಹೆಂಗಸರೇ ಹೋಗಿ ವಿಚಾರಿಸಲಿ. ಯಾರ ಹೆಸರನ್ನೂ ಮಸೀದಿಯ ಬೋರ್ಡಿನಲ್ಲಿ ಬರೆಯುವುದು ಬೇಡ.