ರಜೆಯ ದಿನ ಹೊರಟುಬಿಡೋಣ

(ಗ್ರಾಂಟ್ ರೋಡಿನಲ್ಲಿ ಸೇರಿದ ಕೆಲಸಗಾರರ ಸಭೆಯಲ್ಲಿ ಆಡಿದ ಮಾತು)



ಪಗಾರ, ಬೋನಸ್ಸುಗಳ ಮಾತು ದಿನವೂ ಇದ್ದೇ ಇದೆ. ಇಂದು ತಿರುಗಾಟದ ಮಾತು ಆಡುತ್ತೇನೆ, ನಗಬೇಡಿ. ಮುಂಚೆ ಗೊತ್ತುಮಾಡದೆ, ಮನಸ್ಸು ಬಂದಾಗ ಹೊರಟುಬಿಡುವ ಸುಖ ಸಾಹುಕಾರರಿಗೆ ಮಾತ್ರವೆಂದು ನಾವು ತಿಳಿದಿದ್ದೇವೆ. ಅದು ತಪ್ಪು.

ಹುಡುಗನಾಗಿ ಬಂದು ಕಪ್ಪುಬಶಿ ತೊಳೆಯಲು ನಿಂತಾಗ ನನಗೆ ರಜೆ ಎಂಬುದೇ ಇರಲಿಲ್ಲ. ಒಂದು ರಾತ್ರಿ ಬಾಗಿಲು ಹಾಕಿದ ಮೇಲೆ ಜತೆಯವನೊಬ್ಬ, "ಏಳ್ರೋ, ಸಮುದ್ರ ನೋಡಿ ಬರುವ" ಎಂದ. ನಾಲ್ವರೂ ನಡೆದೇ ಚೌಪಾಟಿಗೆ ಹೋದೆವು. ಮುಂಬಯಿಗೆ ಬಂದು ಆರು ತಿಂಗಳಾಗಿತ್ತು. ಕಾಲ್ನಡಿಗೆಯ ದೂರದಲ್ಲಿದ್ದ ಸಮುದ್ರವನ್ನು ಕಂಡದ್ದು ಅಂದೇ!

ಮುಂದೆ ವೇಟರನಾದೆ. ವಾರದ ರಜೆ ಸಿಕ್ಕಿತು. ಅದನ್ನು ನಾನೇ ಮಾರಿಕೊಂಡೆ. ಆ ದಿನವೂ ದುಡಿದರೆ ಊರಿಗೆ ನಾಲ್ಕು ಕಾಸು ಹೆಚ್ಚು ಕಳಿಸಬಹುದಲ್ಲ? ಎರಡು ವರ್ಷ ಹೀಗೇ ಕಳೆಯಿತು. ಒಂದು ಬುಧವಾರ ಖೋಲಿಯ ಗೆಳೆಯ ಎಳೆದುಕೊಂಡು ಹೋಗಿ ಬೋರಿವಲಿಯ ಗಾಡಿ ಹತ್ತಿಸಿದ. ಅಲ್ಲಿಂದ ಕಾನ್ಹೇರಿಗೆ ಹೋದೆವು. ಕರಿಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಬೌದ್ಧ ಭಿಕ್ಷುಗಳಿದ್ದ ಕೋಣೆಗಳು, ನೀರಿನ ತೊಟ್ಟಿಗಳು. ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಭಾಷೆ ಸಂಸ್ಕೃತ, ಅರಸ ಮಾತ್ರ ಶಾಲೆಯಲ್ಲಿ ಓದಿದ ನಮ್ಮ ನೃಪತುಂಗನೇ. ಈ ಊರಿಗೆ ನಾವು ನಿನ್ನೆ ಬಂದವರೆಂದು ಕುಗ್ಗಿದ್ದ ನನಗೆ ಅಂದು ಬೆನ್ನು ನೆಟ್ಟಗಾಯಿತು.

ಮದುವೆಯಾದ ಮೇಲೊಂದು ದಿನ, ಹೆಂಡತಿಯನ್ನೂ ನಮ್ಮ ಅಡಿಗೆಯ ಭಟ್ಟರನ್ನೂ ಕರೆದುಕೊಂಡು ವಸಯಿಗೆ ಹೋಗಿ, ಎಸ್.ಟಿ. ಬಸ್ಸಿನಲ್ಲಿ ಗಣೇಶಪುರಿಯ ದಾರಿ ಹಿಡಿದೆವು. ಕಾಞಂಗಾಡಿನಲ್ಲಿ ಆಶ್ರಮ ಕಟ್ಟಿ, ಇಲ್ಲಿಗೆ ಬಂದು ನೆಲಸಿ, 1961ರಲ್ಲಿ ತೀರಿಕೊಂಡ ನಿತ್ಯಾನಂದ ಸ್ವಾಮಿಗಳ ಸಮಾಧಿ ಅಲ್ಲಿದೆ. ಪಕ್ಕದಲ್ಲೇ ಬಿಸಿನೀರಿನ ಕುಂಡಗಳು. ಭಟ್ಟರು ಊದಿದ ಕಾಲನ್ನು ನೀರಿಗೆ ಇಳಿಬಿಟ್ಟು, "ಮಾರಾಯಾ, ಮೂವತ್ತು ವರ್ಷ ಊರಿಗೆಲ್ಲ ನೀರು ಕಾಯಿಸಿದೆ. ನನಗಾಗಿ ಕಾದ ನೀರು ಇದೊಂದೇ ನೋಡು" ಎಂದರು. ನಮಗೆ ಮಾತು ಹೊರಡಲಿಲ್ಲ.

ಬಂಧುಗಳೇ, ರಜೆ ಯಾರೂ ಕೊಟ್ಟ ದಾನವಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲಿಕರು ರವಿವಾರದ ರಜೆಗೆ ಒಪ್ಪಿದರು. ಹೋಟೆಲಿನವರಿಗೆ ವಾರಕ್ಕೊಂದು ದಿನದ ರಜೆಯನ್ನು 1948ರ ಮುಂಬಯಿ ಕಾಯ್ದೆ ಬರೆದಿಟ್ಟಿತು; ಅದರ ಜಾಗಕ್ಕೆ ಬಂದ 2017ರ ಮಹಾರಾಷ್ಟ್ರ ಕಾಯ್ದೆಯೂ ವಾರದ ರಜೆ ಹೇಳುತ್ತದೆ. ಕಾಗದದ ಮೇಲಿನ ರಜೆಯನ್ನು ಕಾಲಿಗೆ ತರುವದು ನಮ್ಮ ಕೆಲಸ.

ಆದ್ದರಿಂದ ರಜೆಯ ಪಾಳಿಯ ಪಟ್ಟಿಯನ್ನು ಗೋಡೆಗೆ ಹಚ್ಚಿಸಿರಿ. ರಜೆಯೇ ಇಲ್ಲದವರು ಸಂಘಕ್ಕೆ ಬಂದು ತಿಳಿಸಿರಿ. ಇದ್ದವರು ನನ್ನಂತೆ ಮಾರಿಕೊಳ್ಳಬೇಡಿರಿ. ಎಲ್ಲಿಗೆಂದು ಬಹಳ ಯೋಚಿಸುವದೂ ಬೇಡ. ಬೆಳಿಗ್ಗೆ ಗ್ರಾಂಟ್ ರೋಡ್ ಸ್ಟೇಶನ್ನಿಗೆ ಬನ್ನಿರಿ, ಬಂದ ಗಾಡಿ ಹತ್ತಿರಿ. ಹೋಟೆಲಿಗೆ ಹೊಸದಾಗಿ ಬಂದ ಹುಡುಗನನ್ನೂ, ಮುದುಕರಾದ ಭಟ್ಟರನ್ನೂ ಮಾತ್ರ ಬಿಟ್ಟು ಹೋಗಬೇಡಿರಿ.