ಮಾತು ಕೊಟ್ಟವರನ್ನು ಕೇಳುವವರು ಯಾರು?



ಪ್ರವಾದಿಯವರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದಿದೆ ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಗಂಗಾವತಿಗೆ ಭತ್ತ ಒಯ್ಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಂದು ನಾವು ಕೊಳ್ಳುವ ಎಷ್ಟೋ ವಸ್ತುಗಳ ರಾಶಿಯೊಳಗೆ ಕೈ ಹಾಕಲು ಬರುವುದಿಲ್ಲ. ಮೊಬೈಲಿನಲ್ಲಿ ಕಂಡ ಮಾತನ್ನು ನಂಬಿ ಹಣ ಕೊಡುತ್ತೇವೆ.

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯನ್ನೇ ನೋಡೋಣ. 2022ರ ಆಗಸ್ಟ್ 15ರಂದು ಅದರ ಮುಖ್ಯಸ್ಥ ಭವಿಶ್ ಅಗರ್ವಾಲ್ 2024ಕ್ಕೆ ಕಾರು ತರುವುದಾಗಿ ಘೋಷಿಸಿದರು. 2024 ಬಂದು ಹೋಯಿತು, ಕಾರು ಬರಲಿಲ್ಲ. ಬಂದದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸು. ಅವರ ಸ್ಕೂಟರುಗಳ ಬಗ್ಗೆ ಒಂದೇ ವರ್ಷದಲ್ಲಿ ಸಹಾಯವಾಣಿಗೆ ಹತ್ತು ಸಾವಿರಕ್ಕೂ ಹೆಚ್ಚು ದೂರು ಹೋಗಿದ್ದವು. ಬಹುತೇಕ ಎಲ್ಲವನ್ನೂ ಬಗೆಹರಿಸಿದ್ದೇವೆ ಎಂದಿತು ಕಂಪನಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಕಲಬುರಗಿಯಲ್ಲಿ, ಹೊಸ ಸ್ಕೂಟರ್ ಮೇಲಿಂದ ಮೇಲೆ ಕೆಟ್ಟು ಶೋರೂಮಿಗೆ ಅಲೆದು ಬೇಸತ್ತ ಯುವಕನೊಬ್ಬ ಆ ಶೋರೂಮಿಗೇ ಬೆಂಕಿ ಹಚ್ಚಿದ ಆರೋಪದಲ್ಲಿ ಬಂಧಿತನಾದ. ಬೆಂಕಿ ಹಚ್ಚುವುದು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಶೋರೂಮಿನಲ್ಲಿ ಕುಳಿತ ಹುಡುಗನೂ ಹೊಟ್ಟೆಪಾಡಿಗೆ ದುಡಿಯುವವನೇ. ಆದರೆ ಪೆಟ್ಟು ಬೀಳುವುದು ಕೊಂಡವನಿಗೆ, ಇಲ್ಲವೇ ಕೌಂಟರಿನಲ್ಲಿ ನಿಂತವನಿಗೆ. ವೇದಿಕೆ ಹತ್ತಿ ಮಾತು ಕೊಟ್ಟವರ ಬಾಗಿಲಿಗೆ ನಮ್ಮ ಧ್ವನಿ ಮುಟ್ಟುವುದೇ ಇಲ್ಲ.

ಬೈಜೂಸ್‌ನಲ್ಲೂ ಕಂಡದ್ದು ಇದೇ. 2022ರ ಅಕ್ಟೋಬರಿನಲ್ಲಿ 2,500 ನೌಕರರನ್ನು ತೆಗೆಯುವುದಾಗಿ ಹೇಳಿದ ಕಂಪನಿ, ಮರುತಿಂಗಳೇ ಫುಟ್‌ಬಾಲ್ ಆಟಗಾರ ಮೆಸ್ಸಿಯನ್ನು ರಾಯಭಾರಿ ಮಾಡಿಕೊಂಡಿತು. 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮಕ್ಕಳು ಮುಂದೆ ಬರಲಿ ಎಂದು ಸಾಲ ಮಾಡಿ ಕೋರ್ಸ್ ಕೊಡಿಸಿದ ತಂದೆತಾಯಿಗಳು ಯಾರನ್ನು ಕೇಳಬೇಕು?

ಕರಾರಿನ ಬಗ್ಗೆ ವಿಚಾರಣೆ ಇದೆ ಎಂದು ಅಲ್ಲಾಹನು ಇಸ್ರಾ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಇದನ್ನು ಕೇಳಿ ಕೆಲವರು, "ಬಿಡ್ರಿ ಹಜರತ್, ಆಖಿರತ್‌ನಲ್ಲಿ ಲೆಕ್ಕ ಆಗ್ತದ" ಎನ್ನುತ್ತಾರೆ. ಅದು ಸಬರ್ ಅಲ್ಲ, ಸೋಮಾರಿತನ. ಪ್ರವಾದಿಯವರು(ಸ) ಆ ವ್ಯಾಪಾರಿಯನ್ನು ಅಲ್ಲೇ, ಮಾರುಕಟ್ಟೆಯಲ್ಲೇ ಕೇಳಿದರು.

ಆದ್ದರಿಂದ ಬಿಲ್ಲು, ವಾರಂಟಿ ಕಾಗದ, ಸರ್ವೀಸ್ ಚೀಟಿ ಯಾವುದನ್ನೂ ಎಸೆಯಬೇಡಿ. ಮೊದಲು 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ. ಅರ್ಜಿ ಬರೆಯಲು ಬಾರದವರು ಇಶಾ ನಮಾಜಿನ ನಂತರ ಕಾಗದಪತ್ರ ಹಿಡಿದು ಮಸೀದಿಗೆ ಬನ್ನಿ, ಕೂತು ಬರೆಯೋಣ.